ಬಿಟ್ಟ ಪೆಟ್ಟು

ದಾನಮ್ಮ ಚಿಮ್ಮಡನ ಎರಡನೇ ಆಲ್ಬಮ್ ಬಂದೈತಿ
ಅಂತ ಮೊದಲ ಹೇಳಿದಾಂವ ಬನಹಟ್ಟಿ ಕಟಿಂಗ್ ಅಂಗಡಿ ಸಿದರಾಯ,
ಅರ್ಧ ಗಡ್ಡ ಕೆರದು, ಕತ್ತಿ ಮ್ಯಾಲೆತ್ತಿ ಹಿಡದು:
"ಈ ಸಲ ಅದರಾಗ ನೀ ಇಲ್ಲಂತಲ್ಲೋ, ದುರಗಪ್ಪ?"

ಇಲ್ಲ ಅಂದೆ.
ಮಾರಿತುಂಬ ನೊರಿ ಇದ್ದಾಗ ಇಲ್ಲ ಅನ್ನೂದು ಸಸಾರ.

ಮೊದಲನೇದರಾಗ ಇದ್ದೆ. ಹಲಗಿ ನಂದು.
ತೇರದಾಳದ ಹುಡುಗನ ಗಿಟಾರು, ಆಕಿ ಕೊರಳು.
ಆಕಿ ಕಾಕಾನ ಮಗ್ಗದ ಮನ್ಯಾಗ ಗೋಡಿಗೆ ಕೌದಿ ಕಟ್ಟಿ
ಕರೆಂಟು ಹೋಗೂದನ್ನ ಕಾಯತಿದ್ದಿವಿ.
ಓಣ್ಯಾಗಿನ ಮಗ್ಗ ನಿಂತ್ರ ಬ್ಯಾಟರಿ ಹಚ್ಚಿ ಹಾಡೂದು.
ಒಂದಿನ ಹಾಡಿನ ನಡುವ ಕರೆಂಟು ಬಂತು,
ಅರವತ್ತು ಮಗ್ಗ ಒಮ್ಮೆಲೆ ಖಟಪಟ ಖಟಪಟ.
ಆಕಿ ಕಣ್ಣಸನ್ನಿ ಮಾಡಿದ್ಲು, ನಿಲ್ಲಸಬ್ಯಾಡ.
ನಾ ಬಾರಿಸಿದೆ ಮಗ್ಗದ ಬೆನ್ನ ಹತ್ತಿ,
ನಾಯಿ ಬಸ್ಸಿನ ಬೆನ್ನ ಹತ್ತಿದಂಗ.

ಆ ಹಾಡು ಎಲ್ಲೆಲ್ಲಿ ಹೋತು!
ಕಬ್ಬಿನ ಟ್ರ್ಯಾಕ್ಟರಿನಾಗ, ಮದಿವಿ ಮೆರವಣಿಗ್ಯಾಗ,
ಜಮಖಂಡಿ ಹಾಸ್ಟೆಲ್ಲಿನ ಹುಡಿಗ್ಯಾರ ಬಾಯಾಗ.
ನನ್ನ ಮಾರಿ ಯಾರಿಗೂ ಗೊತ್ತಿಲ್ಲ,
ನನ್ನ ಪೆಟ್ಟು ಎಲ್ಲಾರಿಗೂ ಗೊತ್ತು.
ಅದರ ರೊಕ್ಕ ಎರಡು ಸಾವಿರ ಇನ್ನೂ ಬರೂದೈತಿ.
ಇರಲಿ.

ನಾಕು ವರ್ಷಕ್ಕ ಮತ್ತ ಬಂದ್ಲು.
ಚಾ ಕುಡದ್ಲು. ಬಶಿ ಬೋರಲ ಹಾಕಿ ಇಟ್ಲು.
"ದುರಗಣ್ಣಾ, ಈ ಸಲ ಹಲಗಿ ಬ್ಯಾಡ ಅಂತೀನಿ."
ಯಾಕಂತ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ.
ನನ್ನ ಹೇಂತಿ ಒಳಗ ಭಾಂಡಿ ಕುಕ್ಕಿದ್ಲು,
ತಾಳ ತಪ್ಪಿತ್ತು, ಅರ್ಥ ತಪ್ಪಿರಲಿಲ್ಲ.

ಹುಬ್ಬಳ್ಳಿ ಪೇಪರಿನಾಂವ ಬರದ: ಮಣ್ಣಿನ ವಾಸನಿ ಕಡಿಮಿ ಆಗೇತಿ.
ಯಾವ ಮಣ್ಣ ಮೂಸಿದ್ನೋ!
ನಮ್ಮ ಓಣ್ಯಾಗ ಮೂಸಿದ್ರ ಗಂಜಿ, ಎಣ್ಣಿ, ನೂಲಿನ ಧೂಳು.
ಬೆಂಗಳೂರಾಂವ ಬರದ: ದಿಟ್ಟ ಪ್ರಯೋಗ.
ಹಂಗಂದ್ರ ಪೂರಾ ಕೇಳಿಲ್ಲಂತ ಅರ್ಥ.
ಮುಧೋಳ ಬಸ್ಸಿನ ಡ್ರೈವರ್ ಹಚ್ಚಿದ್ದ,
ಮಹಾಲಿಂಗಪುರ ದಾಟೂದ್ರಾಗ ಕಂಡಕ್ಟರ್ ಅಂದ:
"ಯಾರರ ತೀರಿಕೊಂಡಾರೇನು? ತೆಗೀ ಮಾರಾಯ."

ಜಮಖಂಡ್ಯಾಗ ಹಾಲ್ ಹಿಡದಿದ್ಲು.
ಮುನ್ನೂರು ಕುರ್ಚಿ. ಮಂದಿ ನಲವತ್ತೊಂದು, ನನ್ನ ಹಿಡದು.
ಎರಡನೇ ಹಾಡಿಗೇ ಒಬ್ಬ ಎದ್ದ, "ಮಗ್ಗದ್ದು ಹಾಡಬೇ!"
ಹಿಂದಿನಿಂದ ಇನ್ನೊಬ್ಬ, "ಹಲಗಿ ಎಲ್ಲೈತಿ?"
ನಾ ಸ್ವಿಚ್‌ಬೋರ್ಡಿನ ಬಾಜೂಕ ನಿಂತಿದ್ದೆ.
ಖರೆ ಹೇಳತೀನಿ, ಬಾಯಾಗ ಬೆಲ್ಲ ಇಟ್ಟಂಗಾತು.
ಆಕಿ ತಲಿ ಎತ್ತಲಿಲ್ಲ.
ಗಿಟಾರಿನ ಕಿವಿ ಹಿಂಡಿದ್ಲು, ಇನ್ನೊಮ್ಮೆ ಹಿಂಡಿದ್ಲು,
ಹೊಸಾದೇ ಹಾಡಿದ್ಲು.
ಆ ಬೆಲ್ಲ ಕರಗಿ ಎಲ್ಲಿ ಹೋತೋ.

ರಾತ್ರಿ ಮಗಳ ಇಯರ್‌ಫೋನ್ ಹಚ್ಚಿಕೊಂಡೆ,
ಒಂದ ಕಿವಿದು ಅಷ್ಟ ನಡೀತೈತಿ.
ಐದನೇ ಹಾಡು, ಹೆಸರು 'ತೂಕ'.
ಕಾಕಾನ ಮಗ್ಗ ಗುಜರಿಯಾಂವಗ ಹಾಕಿದ ದಿನದ್ದು:
ಕಿಲೋಕ್ಕ ಇಷ್ಟು, ಲಾಳಿ ಪುಕಟ,
ಬೀಮು ಇಳಿಸುವಾಗ ಅಂಗೈಗೆ ಮೆತ್ತಿದ ಗ್ರೀಸು.
ಹಾಡಿದಂಗಿಲ್ಲ, ಲೆಕ್ಕ ಓದಿದಂಗೈತಿ.
ಸಾಲಿನ ಕೊನಿಗೊಂದು ತೆರಪು.
ಗಿಟಾರಿಲ್ಲ. ಉಸರೂ ಇಲ್ಲ.
ಎಣಿಸಿದೆ: ಮೂರುವರಿ ಮಾತ್ರೆ.

ಮೂರುವರಿ ಯಾರ ಬಿಡತಾರ?
ಅವತ್ತು ಮಗ್ಗದ ಬೆನ್ನ ಹತ್ತಿದಾಗ
ನಂದೊಂದು ಪೆಟ್ಟು ತಡಾ ಆಗಿ ಬೀಳತಿತ್ತು ಪ್ರತಿ ಸಲ,
ತಪ್ಪಂತ ತಿಳದು ನಾ ಯಾರಿಗೂ ಹೇಳಿರಲಿಲ್ಲ.
ಅದನ್ನ ಅಳತಿ ಹಿಡದು
ಖಾಲಿ ಇಟ್ಟಾಳ.

ಕೈ ತಾನ ಹೋಗಿ ಹೊರಸಿನ ಕಟ್ಟಿಗಿಗೆ ಬಡೀತು.
ಹೇಂತಿ ಮಗ್ಗಲಾದ್ಲು: "ಏನ ಬಡೀತಿ ಇಷ್ಟೊತ್ತಿನಾಗ?"
ಹೊರಗ ಓಣಿತುಂಬ ಲೈಟು.
ಕರೆಂಟು ಇತ್ತು.
ಮಗ್ಗ ಇರಲಿಲ್ಲ.

ಮುಂದಿನ ರವಿವಾರ ಸಿದರಾಯ ನೊರಿ ಹಚ್ಚಕೋತ ಕೇಳಿದ,
"ಕೇಳಿದೇನೋ? ಹೆಂಗೈತಿ?"

"ಹಲಗಿ ಚಲೋ ಬಿದ್ದೈತಿ" ಅಂದೆ.