ಎಷ್ಟು ಜನ?

ಗಾಂಧಿ ಬಜಾರಿನಲ್ಲಿ ಲೈನಿಂಗ್ ಬಟ್ಟೆ ಸಿಕ್ಕಿತು, ಹುಕ್ಕು ಸಿಕ್ಕಿತು,
ಗಿಣಿಹಸಿರು ದಾರ ಮಾತ್ರ ಇಲ್ಲ.
"ಮೂರರ ಮೇಲೆ ಬನ್ನಿ" ಅಂದ ಅಂಗಡಿಯವ.
ರಿಪ್ಪನ್‌ಪೇಟೆ ಬಸ್ಸಿಗೆ ಇನ್ನೂ ಹೊತ್ತಿತ್ತು.

ಮೂಗು ಕರೆದ ಕಡೆ ಹೋದೆ.
ಸೈಕಲ್ ರಿಪೇರಿಯ ಪಕ್ಕ ಬೋರ್ಡಿಲ್ಲದ ಬಾಗಿಲು,
ಒಳಗೆ ಆರೇ ಬೆಂಚು, ತುಂಬಾ ಗಂಡಸರು.
"ಎಷ್ಟು ಜನ?" ಹುಡುಗ ನನ್ನ ಬೆನ್ನ ಹಿಂದೆ ನೋಡಿದ.
"ಒಬ್ಬಳೇ" ಅಂದೆ. ದನಿ ಸ್ವಲ್ಪ ಜೋರಾಯಿತು.

ಕಡುಬು ಮುರಿದರೆ
ಹಬೆ ಕನ್ನಡಕಕ್ಕೇ ಬಂತು.
ಕೋಳಿ ಸಾರಿಗೆ ಹುರಿದ ಕಾಯಿ, ಒಳ್ಳೆಮೆಣಸು,
ಮತ್ತೊಂದೇನೋ.
ಇಪ್ಪತ್ತೆರಡು ವರ್ಷ ಒಲೆ ಮುಂದೆ ನಿಂತವಳಿಗೂ ಹೊಳೆಯಲಿಲ್ಲ.
"ಫಿಲೋಮಿನಕ್ಕಾ, ಇವ್ರು ಏನೋ ಕೇಳ್ತಾರೆ!"
ಕಿಂಡಿಯಲ್ಲಿ ಬೆವೆತ ಮುಖವೊಂದು ಮೂಡಿ
"ಹೇಳಲ್ಲ" ಅಂತ ನಕ್ಕು ಒಳಗೆ ಹೋಯಿತು.

"ಇನ್ನೆರಡು ಹಾಕು" ಅಂದೆ.
ಪಾತ್ರೆಯ ತಳ ಇಣುಕದೆ,
ಯಾರು ಉಂಡರು ಯಾರು ಉಳಿದರು ಎಣಿಸದೆ
ಬಾಯಿಬಿಟ್ಟು ಕೇಳಿದ್ದು
ಅದೇ ಮೊದಲು.

ದಾರ ಮರೆತೇ ಬಸ್ಸು ಹತ್ತಿದೆ.
"ಪೇಟೇಲಿ ಏನು ತಿಂದೆ?" ಅತ್ತೆ ಕೇಳಿದರು.
"ಬನ್ನು, ಚಾ."

ರಾತ್ರಿ ಕರೆಂಟಿಲ್ಲ. ಸೂಜಿಗೆ ಪೋಣಿಸಲೆಂದು
ಬಿಳಿ ದಾರದ ತುದಿ ತುಟಿಗೆ ತಂದರೆ
ಬೆರಳ ಸಂದಿಯಲ್ಲಿ ಇನ್ನೂ
ಆ ಮತ್ತೊಂದೇನೋ.