ಬೆನ್ನಿನೊಳಗಿನ ಕಾಗದ

ಬೀದರಿನ ಚೌಬಾರಾದ ಹಿಂದೆ ನಮ್ಮ ಜಿಲ್ದಿನ ಅಂಗಡಿ.
ಬಾಗಿಲು ತೆಗೆಯುವ ಮೊದಲೇ
ಹೆಳವರ ಯಮನಪ್ಪ ಬಂದು ಕಟ್ಟೆಗೆ ಕೂತಿದ್ದ.
ಎತ್ತು ಇಲ್ಲ ಈಗ, ಮೋಟಾರ್ ಸೈಕಲ್ಲು.
ಅಜ್ಜನ ಎತ್ತಿನ ಕೊರಳ ಗಂಟೆ ಮಾತ್ರ
ಹ್ಯಾಂಡಲ್ಲಿಗೆ ನೇತಾಡುತ್ತಿತ್ತು.

ಕೆಂಪು ವಸ್ತ್ರ ಬಿಚ್ಚಿದ.
"ಬೆನ್ನು ಮುರದದ ತಂಗಿ, ಕೂಡಿಸಿ ಕೊಡು.
ಹಾಳಿ ಒಂದೂ ಹೋಗಬಾರ್ದು ನೋಡು,
ಹಾಳಿ ಹ್ವಾದ್ರ ಒಂದು ಮನಿನೇ ಹ್ವಾದಂಗ."

ಎತ್ತಿಕೊಂಡೆ. ಹಸುಗೂಸಿನಷ್ಟು ಭಾರ.
ಹೊಗೆ, ಹರಳೆಣ್ಣೆ, ಜೋಳದ ಧೂಳು,
ಎಷ್ಟೋ ಪಡಸಾಲೆಗಳಲ್ಲಿ ಬಿಚ್ಚಿ ಕೂತ ವಾಸನೆ.
ಕಾರಂಜಾ ದಂಡೆಯ ಹನ್ನೆರಡು ಊರಿನ ಮನೆತನಗಳು
ಒಂದರ ಮೈಮೇಲೆ ಒಂದು ಮಲಗಿದ್ದವು.
ಯಾರು ಯಾರಿಗೆ ಹುಟ್ಟಿದರು, ಯಾರಿಗೆ ಹುಟ್ಟಲಿಲ್ಲ,
ಯಾರು ದತ್ತು ಬಂದರು, ಯಾವ ಬೆಡಗು, ಯಾವ ಬಾವಿ,
ಪ್ಲೇಗಿನ ವರ್ಷ ಒಂದೇ ಮನೆಯ ಏಳು ಹೆಸರಿಗೆ
ಒಂದೇ ಗೀಟು.

ನನಗೆ ಆ ಮೋಡಿಯ ಕನ್ನಡ ಅರ್ಧ ಹತ್ತುವುದಿಲ್ಲ.
ಅವನೇ ಬೆರಳಿಟ್ಟು ಹೇಳುತ್ತಾ ಹೋದ.
"ಈ ಊರು ಡ್ಯಾಮಿನ ನೀರಾಗ ಹೋಯ್ತು.
ಮಂದಿ ದಿಕ್ಕಾಪಾಲಾಗ್ಯಾರ. ಈಗ ಒಬ್ಬೊಬ್ರೇ ಬರ್ತಾರ,
ನಮ್ಮ ಮುತ್ಯಾನ ಅಪ್ಪ ಯಾರಂತ ಕೇಳ್ಕೋತ.
ನೀರಿನ್ಯಾಗ ಮುಳುಗದ ಮನಿ
ಇದೊಂದೇ ಉಳದದ."

ಹೋದ ವರ್ಷ ಕಾಲೇಜಿನ ಮಾಸ್ತರರೊಬ್ಬರು ಬಂದಿದ್ದರಂತೆ,
ವಂಶಾವಳಿ ಅಭ್ಯಾಸ ಮಾಡುವವರು.
ಎರಡು ದಿನ ಕೂತು ಪುಟಪುಟದ ಫೋಟೋ ತೆಗೆದು
"ಇನ್ನು ಚಿಂತಿಲ್ಲ, ಎಲ್ಲಾ ಉಳೀತು" ಅಂದು ಹೋದರಂತೆ.

ನಾನು ಒದ್ದೆ ಬಟ್ಟೆ ಹಾಸಿ
ಹಳೇ ಅಂಟು ನೆನೆಯಲಿ ಅಂತ ಕಾದೆ.
ಹೊಲಿಗೆಯ ನೂಲು ಕೊಯ್ದೆ.
ಬೆನ್ನಿನ ತೊಗಲು ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು.

ತೊಗಲಿನ ಒಳಮೈಗೆ ಒಂದು ಕಾಗದದ ಪಟ್ಟಿ.
ಅದರ ಮೇಲೆ ಸಣ್ಣ ಕೈಬರಹ, ಬಲದಿಂದ ಎಡಕ್ಕೆ.

"ಏನದ ಅದು?" ಅಂದ ಯಮನಪ್ಪ.
ಐದು ತಲೆಮಾರಿನಿಂದ ಹೊತ್ತು ತಿರುಗಿದ ಹೊತ್ತಿಗೆಯಲ್ಲಿ
ಮೊದಲ ಸಲ ಅವನಿಗೆ ಓದಲು ಬಾರದ ಸಾಲು.
ನಾನು ಓದಿದೆ, ತಡವರಿಸುತ್ತ:

ಫಸಲಿ ಹದಿಮೂರು ನೂರಾ ಹದಿನೆಂಟು.
ಜಿಲ್ದಿನ ಲಾಡ್ಲೆ ಸಾಬ ಕಟ್ಟಿದ್ದು.
ಲೇಯಿ ಕುದಿಸಿದವಳು ಗೋರೀಬೀ.
ಮೂರು ದಿನದ ಕೆಲಸ. ಕೂಲಿ ಎರಡು ಸೇರು ಜೋಳ.

ಲಾಡ್ಲೆ ಸಾಬ ನಮ್ಮ ಅಬ್ಬಾನ ಅಜ್ಜ, ಅಷ್ಟು ಗೊತ್ತಿತ್ತು.
ಗೋರೀಬೀ ಅನ್ನುವ ಹೆಸರು
ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.
ಗೋರಿಯ ಮೇಲೆ ಕಲ್ಲಿಲ್ಲ, ಕಾಗದ ಮೊದಲೇ ಇಲ್ಲ.
ಲೇಯಿಗೆ ಮೈಲುತುತ್ತ ಬೆರೆಸಿದ್ದಾಳೆ, ಹುಳ ಮುಟ್ಟದ ಹಾಗೆ.
ನೂರು ವರ್ಷ ಮೀರಿದರೂ ಹಸಿರು ಛಾಯೆ ಹೋಗಿಲ್ಲ.
ನಾನೂ ಹಾಗೇ ಬೆರೆಸುತ್ತೇನೆ.
ಅಮ್ಮಿ ಕಲಿಸಿದ್ದು. ಅಮ್ಮಿಗೆ ಅವಳ ಅತ್ತೆ.
ಅತ್ತೆಗೆ ಯಾರು ಅಂತ
ನಾನು ಕೇಳಿಯೇ ಇರಲಿಲ್ಲ.

ಯಮನಪ್ಪ ಸುಮ್ಮನೆ ಕೂತ ಬಹಳ ಹೊತ್ತು.
ಆಮೇಲೆ ಎದ್ದು ಹೋಗಿ
ಹ್ಯಾಂಡಲ್ಲಿನ ಗಂಟೆ ಒಮ್ಮೆ ಬಾರಿಸಿ ಬಂದ.
ಪಟೇಲರ ಪಡಸಾಲೆಯಲ್ಲಿ ನಿಲ್ಲುವ ಹಾಗೆ
ನನ್ನ ಕತ್ತರಿ, ಸೂಜಿ, ಚೂರುಕಾಗದದ ನಡುವೆ ನಿಂತು
ಗಂಟಲು ಸರಿಮಾಡಿ ಶುರು ಮಾಡಿದ:
"ಕೇಳವ್ವಾ ಜಿಲ್ದಿನ ಮನೆತನದಾಕಿ,
ಲಾಡ್ಲೆ ಸಾಬ, ಆತನ ಹೆಂಡತಿ ಗೋರೀಬೀ..."
ಅಲ್ಲಿಗೆ ನಿಂತಿತು. ಮುಂದಿನದು ಅವನಿಗೆ ಗೊತ್ತಿಲ್ಲ.
ನನಗೆ ಗೊತ್ತು. ಹೇಳಿಕೊಟ್ಟೆ.
ಅವನು ಹಾಡಿನ ಎಳೆಯಲ್ಲಿ ತಿರುಗಿಸಿ ಹೇಳಿದ.
ಬೀದಿಯಲ್ಲಿ ಚಹಾದ ಹುಡುಗ ನಿಂತು ಕೇಳಿದ.

ಜಿಲ್ದಿನ ಖರ್ಚು ಆರು ನೂರು ಅಂದಿದ್ದೆ.
ವಂಶ ಹೇಳಿದ್ದಕ್ಕೆ ಕಾಣಿಕೆ ಕೊಡಬೇಕಲ್ಲ,
ಎರಡು ಸೇರು ಜೋಳದ ಇವತ್ತಿನ ಧಾರಣೆ
ಲೆಕ್ಕ ಹಾಕಿ ಕಳೆದೆ.
"ಇದೊಂದು ಹೊಸಾ ಮಾತಾಯ್ತು," ಅಂದು ನಕ್ಕ.

ಈಗ ಹೊತ್ತಿಗೆ ಒತ್ತುಹಲಗೆಯಲ್ಲಿ ಇದೆ.
ಆ ಪಟ್ಟಿಯನ್ನು ಅದರ ಜಾಗಕ್ಕೇ ಮರಳಿ ಅಂಟಿಸಿದ್ದೇನೆ.
ಅದರ ಕೆಳಗೆ ಎರಡು ಬೆರಳಿನಷ್ಟು ಬಿಳಿ ಜಾಗ.
ಲೇಯಿ ಆರಲು ಮೂರು ದಿನ ಬೇಕು,
ತೊಗಲು ಹೊದಿಸುವುದು ಆಮೇಲೆ.
ಅಷ್ಟರೊಳಗೆ ಗೊತ್ತಾಗಬೇಕು ನನಗೆ
ಯಾವ ಲಿಪಿಯಲ್ಲಿ, ಯಾವ ಕಡೆಯಿಂದ
ಶುರು ಮಾಡುವುದು ಅಂತ.