ಎರಡನೇ ಪಂಚ

ಕಪ್ಪಿನಾಗ ಚಹಾ ಇನ್ನಾ ಅರ್ಧ ಇತ್ತು.
"ಬಾರಪ್ಪ ಮೌನೇಶ, ಐದು ಮಿನಿಟಿನ ಕೆಲಸ" ಅಂದ ಜಮಾದಾರ.
ಶಹಾಬಾದಿನಾಗ ಠಾಣೆಯವರ ಐದು ಮಿನಿಟ ಅಂದ್ರ
ಒಂದು ಇಡೀ ಮಧ್ಯಾಹ್ನ, ಅದೂ ಮೇ ತಿಂಗಳದ್ದು,
ಫರ್ಸಿ ಮ್ಯಾಲ ಬರಿಗಾಲಿಟ್ರ ಗುಳ್ಳಿ ಏಳೂ ಹೊತ್ತು.

ಕಳುವಾದದ್ದು ನೀರೆತ್ತೋ ಮೋಟರ, ಐದು ಎಚ್‌ಪಿ,
ಮಾಲಕರ ಖಣಿಯಿಂದ.
ಲಾಲಪ್ಪನ ಮನಿ ಅಂದ್ರ ಒಂದೂವರಿ ಖೋಲಿ,
ಅಲ್ಲಿ ಮೋಟರ ಇಟ್ರ ಮಂದಿ ಹೊರಗ ಮಲಗಬೇಕು.
ಸಾಹೇಬರು ಮಂಚದ ಕೆಳಗ ಬಗ್ಗಲಿಲ್ಲ, ಹಿತ್ತಲಕ್ಕ ಹೋಗಲಿಲ್ಲ,
ನೆಟ್ಟಗ ಹೋಗಿ ನಿಂತದ್ದು
ಗ್ವಾಡಿಯ ಮಾಡದ ಮುಂದ.

"ಕಲ್ಲು ಒಡೆಯೋನಿಗೆ ಇಷ್ಟೊಂದು ಪುಸ್ತಕ ಯಾಕೋ?"

ಕೆಳಗಿನ ಸೀಮಿಯವರು ಅವರು, ಮಾತು ನುಣ್ಣಗ.
ಯಾವ ಸಂಘ. ಯಾರು ಬಂದು ಹೋಗ್ತಾರೆ. ದೇವರನ್ನ ನಂಬ್ತೀಯಾ.
ಹೆಸರಲ್ಲೇ ಲಾಲ್ ಇದೆಯಲ್ಲ, ಇಟ್ಟಿದ್ದು ಯಾರು.
"ನಮ್ಮವ್ವ ರೀ. ದರ್ಗಾಕ್ಕ ಹರಕಿ ಹೊತ್ತಿದ್ದಳು."
ಸರ್ಕಾರದ ಬಗ್ಗೆ ನಿನ್ನ ಅಭಿಪ್ರಾಯ ಏನು.
ಲಾಲಪ್ಪ ಜರಾ ಹೊತ್ತು ವಿಚಾರ ಮಾಡಿದ, ಖರೇನ ಮಾಡಿದ,
ಪರೀಕ್ಷಾಕ್ಕ ಕುಂತ ಹುಡುಗನಂಗ.
"ಅದಕ್ಕ ನಮ್ಮ ಬಗ್ಗೆ ಏನರೆ ಒಂದು ಅಭಿಪ್ರಾಯ ಇರಲಿ ಅಂತ ರೀ."
ಬಾಗಿಲದಾಗ ನಿಂತಿದ್ದ ಜಗದೇವಿ ಅಂದಳು:
"ಮೋಟರಿಂದು ಕೇಳ್ರೀ ಸಾಹೇಬ್ರ, ಮೋಟರಿಂದು."

ರೈಟರ ಬರದ:
ಕೂಲಿ ಕಾಯ್ದೆ ಪುಸ್ತಕ, ರಟ್ಟು ಹರಿದದ್ದು, ಒಂದು.
ಉರ್ದು ಅಕ್ಷರ ತಿದ್ದಿದ ನೋಟಬುಕ್, ಅರ್ಧ ಖಾಲಿ, ಒಂದು.
ಕೆಂಪು ಟವೆಲ್, ಬಳಸಿದ್ದು, ಒಂದು.
ಉದ್ದನೆಯ ವಹಿ ಒಂದು, ಸದಸ್ಯರ ಪಟ್ಟಿ ಇರುವುದು.

ಸದಸ್ಯರಲ್ಲ ಅವರು.
ನಾ ಇಣುಕಿದೆ. ಹೆಸರು, ಮುಂದ ಖಣಿ, ಅದರ ಮುಂದ
ಎಷ್ಟು ತಿಂಗಳಿಂದ ಕೆಮ್ಮು, ರಕ್ತ ಬಿದ್ದದೋ ಇಲ್ಲೋ.
ಹದಿನೇಳನೇ ಸಾಲಿನಾಗ ನಮ್ಮಣ್ಣ.
ಮಾನಪ್ಪ. ಖಣಿಯಾಗ ಉಳಿ ತಟ್ಟತಿದ್ದ.
ಅಂವ ಸತ್ತು ನಾಕು ವರ್ಷ,
ತಿಂಗಳಿನ ಮನಿ ಖಾಲಿ ಬಿಟ್ಟಿತ್ತು.

"ಈ ಪಟ್ಟಿಯವರನ್ನೆಲ್ಲ ಕರೆಸಿ" ಅಂದರು ಸಾಹೇಬರು.
ಬಾಯಿ ತೆರದೆ. ನಾಲಿಗಿ ಮ್ಯಾಲ ಧೂಳು.
ಪೆನ್ನು ಕೊಟ್ರು. ಎರಡನೇ ಪಂಚ ಅಂತ ಇದ್ದಲ್ಲಿ ಸಹಿ ಹಾಕಿದೆ.
ಅಕ್ಷರ ಚಲೋ ಬಂದ್ವು.

ಮೋಟರ ಸಿಕ್ತು, ಹದಿಮೂರು ದಿನಕ್ಕ.
ಮಾಲಕರ ಅಳಿಯ ರಿವೈಂಡಿಂಗಿಗೆ ವಾಡಿಗೆ ಒಯ್ದು ಮರೆತಿದ್ದ.
ಲಾಲಪ್ಪನ್ನೂ ಬಿಟ್ರು.
ಬಿಟ್ಟದ್ದು ಠಾಣೆ. ಊರು ಬಿಡಬೇಕಲ್ಲ.
ಕಿರಾಣಿಯಾಂವ ಉದ್ರಿ ಬಂದ್ ಮಾಡಿದ.
ಮಗಳಿಗೆ ಸಾಲಿಯಾಗ ಯಾರೋ ಕೇಳಿದ್ರಂತ,
ನಿಮ್ಮಪ್ಪ ಕಾಡಿನಾಗ ಇರತಾನಂತಲ್ಲ.
ಈ ಊರಿಗಿ ಕಾಡೆಲ್ಲಿ? ಎಂಟು ಹರದಾರಿ ನಡದರೂ
ಜಾಲಿಕಂಟಿ, ನೀರು ನಿಂತ ಕಲ್ಲಿನ ಕುಣಿ, ಸಿಮೆಂಟಿನ ಬೂದಿ.
ಚಹಾದಂಗಡಿಯಾಗ ಅಂತಾರ: "ಮೋಟರಿನ ಮಾತು ಬ್ಯಾರೆ ಬಿಡು,
ಅಂವ ಆ ನಮೂನಿ ಮನಶ್ಯಾ."
ಯಾವ ನಮೂನಿ ಅಂತ ನಾ ಕೇಳಲಿಲ್ಲ.
ಮನಿಗೆ ಬಂದು ಹಗ್ಗದ ಮ್ಯಾಲಿನ ನನ್ನ ಟವೆಲ್ ನೋಡಿದೆ.
ಕೆಂಪಲ್ಲ, ಇಟ್ಟಂಗಿ ಬಣ್ಣ, ಅಂದೆ ನನಗ ನಾನೇ.
ಆದರೂ ಹೆಂಡತಿಗೆ ಹೇಳಿದೆ, ಒಳಗ ಒಣಹಾಕು.

ವಹಿ ಇನ್ನಾ ಮರಳಿ ಬಂದಿಲ್ಲ.

ನಿನ್ನೆ ರಾತ್ರಿ ಬಾಗಿಲ ಬಡಿದ. ಕೈಯಾಗ ಹೊಸಾ ವಹಿ,
"ಮತ್ತ ಮೊದಲಿಂದ ಬರೀಲಕತ್ತೀನಿ" ಅಂದ.
"ನಿಮ್ಮಣ್ಣ ಎಷ್ಟು ತಿಂಗಳು ಕೆಮ್ಮಿದ?"
ನಾ ಓಣಿಯ ಆ ತುದಿ ನೋಡಿದೆ, ಈ ತುದಿ ನೋಡಿದೆ.
ನೋಡಿದ್ದನ್ನ ಅಂವ ನೋಡಿದ.
"ಹನ್ನೊಂದು" ಅಂದೆ. "ಕಡೀ ಎರಡು ತಿಂಗಳು ಕುಂತೇ ಮಲಗತಿದ್ದ."

ಬರಕೊಂಡ.
ಸಹಿ ಕೇಳಲಿಲ್ಲ.